ಹಿತ್ತಾಳೆ ಬೋಗುಣಿಯ ಆಮೆಮರಿ

ನನ್ನ ಮೂಗು ಮೊದಲಿನಿಂದಲೂ ಚುರುಕು. ಹೊಸೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹದಿನಾಲ್ಕು ವರ್ಷದಿಂದ ಮೇಲ್ವಿಚಾರಕಿ. ಹಳಸಿದ ಸಾಂಬಾರು ಯಾವುದು, ಇನ್ನೊಂದು ಗಂಟೆಗೆ ಹಳಸಲಿರುವ ಸಾಂಬಾರು ಯಾವುದು ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳಬಲ್ಲೆ. ಇದು ಕೆಲಸಕ್ಕೆ ಒಳ್ಳೆಯದು, ಸಂಸಾರಕ್ಕಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ತಲೆ ಎಣ್ಣೆ, ಒಣಗದ ಬಟ್ಟೆ, ಪಾತ್ರೆ ತೊಳೆಯುವ ಹಳೇ ನಾರು, ಎಲ್ಲಕ್ಕೂ ನನ್ನ ಸೆರಗು ಮೂಗಿಗೆ ಏರುತ್ತದೆ. ಲೋಳೆ ಕಂಡರಂತೂ ಮುಗಿಯಿತು. ನಮ್ಮ ಮನೆಯಲ್ಲಿ ಬಸಳೆ ಸೊಪ್ಪು ಬೇಯಿಸುವುದಿಲ್ಲ.

ಎರಡು ವರ್ಷದ ಹಿಂದೆ, ರಾಗಿ ಕೊಯ್ಲಿಗೆ ಬಂದಿದ್ದ ದಿನಗಳಲ್ಲಿ, ನನ್ನ ಅತ್ತೆ ತಳಿ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋಗಿ ಬಂದರು. ಬಂದವರೇ ಟಿಫನ್ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಏನೋ ತಿಂಡಿ ಕಟ್ಟಿ ಕೊಟ್ಟಿರಬೇಕೆಂದು ಬಗ್ಗಿ ನೋಡಿದೆ. ಬಾಡಿದ ಕೊತ್ತಂಬರಿ ಸೊಪ್ಪಿನ ನಡುವೆ ಒಂದು ಆಮೆಮರಿ. ಅರ್ಧ ನಿಂಬೆಹಣ್ಣನ್ನು ಬೋರಲು ಹಾಕಿದಷ್ಟು ಗಾತ್ರ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು. ಚಿಪ್ಪು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ನಾನು ನೋಡುತ್ತಿರುವಾಗಲೇ ಅದು ಕತ್ತು ಚಾಚಿತು. ಪುಕ್ಕ ಕಿತ್ತ ಕೋಳಿಯ ಕತ್ತಿನ ಹಾಗೆ ಸುಕ್ಕು ಸುಕ್ಕು ಚರ್ಮ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಹೊಲದ ಬದುವಿನಾಗೆ ಸಿಕ್ತಂತೆ," ಅಂದರು ಅತ್ತೆ. "ಕೂರ್ಮಾವತಾರ ಕಣಮ್ಮ. ಮನೇಲಿದ್ರೆ ಒಳ್ಳೇದಾಯ್ತದೆ."

"ನಾನು ಮುಟ್ಟಲ್ಲ," ಅಂದೆ.

"ನಿನ್ನ ಯಾರು ಮುಟ್ಟು ಅಂದ್ರು."

ಅಟ್ಟದ ಮೇಲಿದ್ದ ದೊಡ್ಡ ಹಿತ್ತಾಳೆ ಬೋಗುಣಿ ಕೆಳಗಿಳಿಯಿತು. ಅದರಲ್ಲಿ ಮುಕ್ಕಾಲು ನೀರು, ನೀರಿನ ಮೇಲೆ ಚೆಂಡುಹೂವು, ಅಂಚಿಗೆ ಅರಿಶಿನ ಕುಂಕುಮ, ನಡುವೆ ಆಮೆಮರಿ. ನಡುಮನೆಯ ಈಶಾನ್ಯ ಮೂಲೆಯಲ್ಲಿ, ನಾವು ಊಟಕ್ಕೆ ಕೂರುವ ಜಾಗಕ್ಕೆ ಎದುರಾಗಿ ಅದರ ವಾಸ. ಹಗಲೆಲ್ಲ ಅದು ಈಜುತ್ತಿತ್ತು, ರಾತ್ರಿ ಅಂಚಿಗೆ ಒರಗಿ ತೇಲುತ್ತಿತ್ತು. ಅತ್ತೆ ಅದಕ್ಕೆ ಅನ್ನದ ಅಗುಳು, ಬಾಳೆಹಣ್ಣಿನ ಚೂರು ಹಾಕುತ್ತಿದ್ದರು. ಅದು ತಿನ್ನುತ್ತಿರಲಿಲ್ಲ. ಅಗುಳು ಊದಿಕೊಂಡು ತಳದಲ್ಲಿ ಬಿಳಿ ಹುಳುಗಳ ಹಾಗೆ ಬಿದ್ದಿರುತ್ತಿದ್ದವು, ಬಾಳೆಹಣ್ಣು ಕರಗಿ ನೀರಿಗೆ ಜಿಗುಟು ಬರುತ್ತಿತ್ತು.

ಮೂರನೇ ದಿನಕ್ಕೆ ವಾಸನೆ ಶುರುವಾಯಿತು. ಮನೆಯಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಪಾಳಿ ಮುಗಿಸಿ ಬಂದ ಗಂಡನನ್ನು ಕೇಳಿದರೆ, "ನಿನ್ನ ಮೂಗಿಗೆ ಎಲ್ಲಾ ನಾರ್ತದೆ" ಅಂದು ಟಿವಿ ಹಾಕಿದ. ನನಗೆ ಮಾತ್ರ ಬಾಗಿಲು ತೆರೆಯುತ್ತಲೇ ಕೊಳೆತ ಹೂವಿನ ನೀರಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು, ಮೀನು ಮಾರ್ಕೆಟ್ಟಿನ ಚರಂಡಿಯದು. ವಾಸನೆಗಿಂತ ಕೆಟ್ಟದ್ದು ಸದ್ದು. ಆ ಮರಿ ತನ್ನ ಮುಂಗಾಲಿನ ಉಗುರುಗಳಿಂದ ಹಿತ್ತಾಳೆಯ ಗೋಡೆಯನ್ನು ಪರಪರ ಕೆರೆಯುತ್ತಿತ್ತು. ಒಂದಂಗುಲ ಹತ್ತುವುದು, ಜಾರಿ ನೀರಿಗೆ ಬೀಳುವುದು, ಮತ್ತೆ ಕೆರೆಯುವುದು. ಆ ಸದ್ದು ಕೇಳದಿರಲೆಂದು ನಾನು ಬೇಕಿಲ್ಲದಿದ್ದರೂ ಮಿಕ್ಸಿ ಹಾಕುತ್ತಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಇದು ಸತ್ತುಹೋದರೆ ಸಾಕು ಎಂದುಕೊಂಡಿದ್ದನ್ನೂ ಹೇಳಿಲ್ಲ.

ಆ ವಾರ ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೋದರು. ಶುಕ್ರವಾರ ಕೆಳಗಿನ ಮನೆಯಿಂದ ನಮ್ಮ ಓನರಮ್ಮ ಬಂದರು. ಅವರು ತಮಿಳಿನವರು, ನಮ್ಮ ಅತ್ತೆಯ ಜೊತೆ ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಾರೆ. ಬೋಗುಣಿಗೆ ಕೈಮುಗಿದು, "ಕೊಂಜಂ ತೀರ್ಥಂ ಕುಡುಂಗಮ್ಮಾ" ಎಂದು ತೀರ್ಥ ಬೇಡಿ ಅಂಗೈ ಚಾಚಿದರು. ಅತ್ತೆ ಉದ್ಧರಣೆಯಲ್ಲಿ ಆ ನೀರನ್ನೇ ಎತ್ತಿ ಅವರ ಕೈಗೆ ಹಾಕಿದರು. ನೀರಿನಲ್ಲಿ ಹಸಿರು ಮಿಶ್ರಿತ ಕಂದು ಎಳೆಯೊಂದು ತೇಲುತ್ತಿತ್ತು. ಅದು ಹೂವಿನ ದಳವಲ್ಲ.

"ಅತ್ತೆ, ಅದ್ರಲ್ಲೇ ಅದು ಹೇಲ್ತದೆ," ಅಂದೆ.

ಅಷ್ಟರಲ್ಲಿ ಓನರಮ್ಮ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡಿದ್ದರು. ಅತ್ತೆ ನನ್ನನ್ನು ದುರುಗುಟ್ಟಿಕೊಂಡು ನೋಡಿ, ತಾವೂ ಒಂದು ಉದ್ಧರಣೆ ಬಾಯಿಗೆ ಹಾಕಿಕೊಂಡರು, ಹಟಕ್ಕೆ. ಗುಟುಕು ಇಳಿಯುವುದು ಅವರ ಗಂಟಲಲ್ಲಿ ಕಂಡಿತು. ನಾನು ಬಚ್ಚಲಿಗೆ ಹೋಗಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿದೆ.

ಭಾನುವಾರದ ಹೊತ್ತಿಗೆ ಓನರಮ್ಮನಿಗೆ ಭೇದಿ ಹಿಡಿದಿತ್ತು, ಅತ್ತೆಗೂ. ಶನಿವಾರ ಮದುವೆ ಮನೆಯಲ್ಲಿ ತಿಂದ ಬಜ್ಜಿ ಎಂದು ಇಬ್ಬರೂ ಹೇಳಿಕೊಂಡರು. ಅತ್ತೆ ಮಂಚ ಬಿಟ್ಟು ಏಳಲಾಗದೆ ಮಲಗಿದ್ದರಿಂದ ಎರಡು ದಿನ ಬೋಗುಣಿಯ ನೀರು ಹಾಗೇ ಉಳಿಯಿತು. ಮಂಗಳವಾರ ಕ್ಯಾಂಟೀನಿಗೆ ರಜೆ ಹಾಕಿ ಮನೆಯಲ್ಲಿದ್ದವಳಿಗೆ ಆ ವಾಸನೆಯ ಎದುರು ಒಂದು ತುತ್ತೂ ಇಳಿಯಲಿಲ್ಲ. ಕೊನೆಗೆ ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಬಾಯಲ್ಲಿ ಉಸಿರಾಡುತ್ತ, ಮರಿಯನ್ನು ಎತ್ತಿದೆ.

ಬೆರಳು ಅದರ ಹೊಟ್ಟೆಯ ಭಾಗಕ್ಕೆ ತಾಕಿತು. ಗಟ್ಟಿ ಇರಬೇಕಾದದ್ದು ಮೆತ್ತಗಿತ್ತು. ಒತ್ತಿದರೆ ಕಿತ್ತಳೆ ಸಿಪ್ಪೆಯ ಹಾಗೆ ಒಳಗೆ ಹೋಗುತ್ತಿತ್ತು. ಚಿಪ್ಪಿನ ಸಂದುಗಳಲ್ಲಿ ಹಳೇ ಬ್ರೆಡ್ಡಿನ ಮೇಲೆ ಬರುವಂಥ ಬೂಷ್ಟು. ಮೂಗಿನಲ್ಲಿ ಗುಳ್ಳೆ ಎದ್ದು ಒಡೆಯುತ್ತಿತ್ತು, ಒಂದು ಕಣ್ಣು ಕೀವು ಕಟ್ಟಿ ಮುಚ್ಚಿಕೊಂಡಿತ್ತು. ಕಾಲುಗಳು ಗಾಳಿಯಲ್ಲಿ ಇನ್ನೂ ಈಜುತ್ತಲೇ ಇದ್ದವು. ಆ ಕಾಲುಗಳನ್ನು ಅವತ್ತೇ ನಾನು ಸರಿಯಾಗಿ ನೋಡಿದ್ದು. ಬೆರಳ ನಡುವೆ ಪೊರೆ ಇರಲಿಲ್ಲ. ಪುಟ್ಟ ಆನೆಯ ಕಾಲಿನ ಹಾಗೆ ದುಂಡಗಿದ್ದವು. ನಡೆಯುವ ಕಾಲು. ಹನ್ನೆರಡು ದಿನ ಅದು ಆಟವಾಡಿಕೊಂಡು ಈಜಿರಲಿಲ್ಲ. ಮುಳುಗದೆ ಇರಲು ಒದ್ದಾಡಿತ್ತು. ಅದರ ಎದುರಿಗೆ ಕೂತು ನಾನು ಮುದ್ದೆ ನುಂಗಿದ್ದೆ.

ಆವರೆಗೆ ಅಸಹ್ಯವೆಲ್ಲ ಆ ಪ್ರಾಣಿಯದಾಗಿತ್ತು. ಆಗ ನನ್ನ ಮೇಲೆಯೇ ಬಂತು, ಬಾಯಲ್ಲಿ ಹುಳಿ ನೀರು ಬರುವಷ್ಟು.

ಡಬ್ಬಿಯಲ್ಲಿ ಬಟ್ಟೆ ಹಾಸಿ ಮರಿಯನ್ನಿಟ್ಟು, ಆಟೋ ಹಿಡಿದು ಪಶುವೈದ್ಯರ ಬಳಿ ಹೋದೆ. ಎಮ್ಮೆ, ಆಡುಗಳ ಸಾಲಿನಲ್ಲಿ ಕಾದೆ. ಡಾಕ್ಟರು ಮಧ್ಯವಯಸ್ಸಿನವರು. ಮರಿಯನ್ನು ತಿರುಗಿಸಿ ನೋಡಿ, "ಇದನ್ನ ನೀರಲ್ಲಿ ಇಟ್ಟಿದ್ರಾ?" ಎಂದು ಕೇಳಿದರು.

"ಹೂಂ."

"ಇದು ನೆಲದ ಆಮೆ ಕಣಮ್ಮ. ಒಣ ಹೊಲದಾಗೆ, ಕುರುಚಲು ಕಾಡಿನಾಗೆ ಇರೋದು. ಮನೇಲಿ ಇಟ್ಕೊಳ್ಳೋ ಹಂಗೂ ಇಲ್ಲ, ಕಾನೂನು ಒಪ್ಪಲ್ಲ." ಅವರು ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನು ಮಾಡಿದರು. ತಳಿಯ ಕಡೆ ರಾಗಿ ಹೊಲಗಳಿಗೆ ಆನೆ ಇಳಿದಿದ್ದವು, ಎಲ್ಲರೂ ಅವನ್ನು ಓಡಿಸುವುದಕ್ಕೆ ಹೋಗಿದ್ದರು. ಬರಲು ಒಂದು ವಾರವಾಗುತ್ತದೆ, ಅಲ್ಲಿವರೆಗೆ ಡಾಕ್ಟರು ಹೇಳಿದ ಹಾಗೆ ನಾನೇ ನೋಡಿಕೊಳ್ಳಬೇಕು ಎಂದರಂತೆ. ಡಾಕ್ಟರು ಫೋನಿಟ್ಟು ನನ್ನ ಮುಖ ನೋಡಿದರು. "ಬದುಕಿಸ್ತೀರಾ?"

"ನಂಗೆ ಅದನ್ನ ಕಂಡ್ರೆ ಆಗಲ್ಲ ಸಾರ್."

"ಆಗೋದೇನೂ ಬೇಡ. ಒಣಗಿಸಿ, ಬಿಸಿಲು ಕೊಡಿ. ಮುಟ್ಟಿದಾಗೆಲ್ಲ ಸೋಪು ಹಾಕಿ ಕೈ ತೊಳೀರಿ. ಮನೇಲಿ ಯಾರಿಗಾದ್ರೂ ಹೊಟ್ಟೆ ಕೆಟ್ಟಿದೆಯಾ?"

ತೀರ್ಥದ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆಗೂ ಓನರಮ್ಮನಿಗೂ ಕೂಡಲೇ ಡಾಕ್ಟರಿಗೆ ತೋರಿಸಲು ಹೇಳಿದರು.

ಮಾರ್ಕೆಟ್ಟಿನಿಂದ ಟೊಮೆಟೊ ತುಂಬುವ ಮರದ ಪೆಟ್ಟಿಗೆ ತಂದೆ. ತಳಕ್ಕೆ ರಟ್ಟು, ಮೇಲೆ ನಾಲ್ಕು ಬೆರಳಷ್ಟು ಒಣ ಕೆಮ್ಮಣ್ಣು, ಒಂದು ಮೂಲೆಗೆ ಒಣಹುಲ್ಲು. ಅವಿತುಕೊಳ್ಳಲು ಒಡೆದ ಹೂಕುಂಡದ ಅರ್ಧ. ಹೊಸೂರಿನ ಚಳಿಗೆ ಒಂದು ಬದಿಯಲ್ಲಿ ಬಲ್ಬು ಇಳಿಬಿಟ್ಟೆ, ಇನ್ನೊಂದು ಬದಿಯನ್ನು ತಣ್ಣಗೆ ಬಿಟ್ಟೆ. ಯಾವುದು ಬೇಕೋ ಅದೇ ಹುಡುಕಿಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ಬೆಳಿಗ್ಗೆ ಪೆಟ್ಟಿಗೆಯನ್ನು ತಾರಸಿಗೆ ಒಯ್ದು, ಕಾಗೆ ಎರಗದಂತೆ ಮೇಲೆ ಜರಡಿ ಮುಚ್ಚಿ ಬಿಸಿಲಿಗಿಡುತ್ತಿದ್ದೆ. ಗರಿಕೆ, ಹೊನಗೊನ್ನೆ, ದಾಸವಾಳದ ಎಲೆಯನ್ನು ಸಣ್ಣಗೆ ಹೆಚ್ಚಿ, ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ಮೊದಲ ಎರಡು ದಿನ ಮೂಸಲೂ ಇಲ್ಲ. ಮೂರನೇ ದಿನ ದಾಸವಾಳದ ಎಸಳನ್ನು ಕಚ್ಚಿ ಎಳೆಯಿತು. ಸೊಪ್ಪಿನ ರಸ ಗಲ್ಲಕ್ಕೆಲ್ಲ ಮೆತ್ತಿಕೊಂಡು, ಗುಲಾಬಿ ನಾಲಿಗೆ ಹೊರಚಾಚಿ ಅಗಿಯುವುದನ್ನು ನೋಡಿ ನನಗೆ ಮುದ್ದು ಬರಲಿಲ್ಲ. ಮುಖ ತಿರುಗಿಸಿಕೊಂಡೆ.

ಅದು ಕುಡಿಯಲೆಂದು, ಡಾಕ್ಟರು ಹೇಳಿದ ಹಾಗೆ, ದಿನಕ್ಕೊಮ್ಮೆ ಹತ್ತು ನಿಮಿಷ, ಗಲ್ಲ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬೇಕಿತ್ತು. ಒಮ್ಮೆ ಆ ನೀರಿನಲ್ಲೇ ಹಿಂದಿನಿಂದ ಕಲಸಿದ ಸುಣ್ಣದಂಥ ಬಿಳಿ ಮುದ್ದೆ ಬಿಟ್ಟಿತು. ಒಳಗಿಂದ ಏನೋ ಕಳಚಿ ಬಂತೆಂದು ಹೆದರಿ ಡಾಕ್ಟರಿಗೆ ಫೋನು ಮಾಡಿದೆ. "ಉಚ್ಚೆ ಅದು. ಮೆತ್ತಗೆ ಬಂದಿದ್ರೆ ಒಳ್ಳೇದು," ಅಂದರು. ಆ ದಿನ ನಾನು ಮೊಸರನ್ನ ತಿನ್ನಲಿಲ್ಲ. ಮರುದಿನ ಅದು ತನ್ನ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡೆ. ಅದಕ್ಕೆ ಮತ್ತೆ ಫೋನು ಮಾಡಲಿಲ್ಲ.

ಮಾತ್ರೆ ನುಂಗಿ ಚೇತರಿಸಿಕೊಂಡ ಅತ್ತೆ ಮಂಚದ ಮೇಲಿಂದಲೇ ಇದನ್ನೆಲ್ಲ ನೋಡುತ್ತಿದ್ದರು. ದೇವರನ್ನು ಟೊಮೆಟೊ ಪೆಟ್ಟಿಗೆಗೆ ಹಾಕಿದವಳೊಡನೆ ಮಾತು ಬಿಟ್ಟಿದ್ದರು. ಐದನೇ ದಿನ ನಾನು ಬ್ರಷ್ಷಿನಿಂದ ಚಿಪ್ಪಿನ ಸಂದುಗಳಿಗೆ ಡಾಕ್ಟರು ಕೊಟ್ಟ ಔಷಧಿ ಹಚ್ಚುತ್ತಿದ್ದಾಗ ಹತ್ತಿರ ಬಂದು ಕೂತರು.

"ಅದು ನೀರಿಂದಲ್ವಾ?"

"ಅಲ್ಲಂತೆ. ಕಾಲು ನೋಡಿ."

ಅತ್ತೆ ಬಗ್ಗಿ ನೋಡಿದರು. "ಹಂಗಾರೆ ಅಷ್ಟು ದಿನ ಈಚೆ ಬರಕ್ಕೆ ಕೆರೀತಿತ್ತಾ?"

"ಹೂಂ."

"ನಾನು ಆಟ ಆಡ್ತೈತೆ ಅಂದ್ಕೊಂಡ್ಬುಟ್ಟೆ." "ಥೂ" ಅಂದರು, ಯಾರಿಗೆಂದು ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದಾಗ, ಬೇರು ತೆಗೆದು ತೊಳೆದ ಗರಿಕೆ ಪೆಟ್ಟಿಗೆಯ ಪಕ್ಕದಲ್ಲಿತ್ತು.

ಅರಣ್ಯ ಇಲಾಖೆಯ ಗಾರ್ಡು ಒಂಬತ್ತನೇ ದಿನ ಬಂದರು. ಆ ಹೊತ್ತಿಗೆ ಕಣ್ಣು ತೆರೆದಿತ್ತು, ಮೂಗು ಒಣಗಿತ್ತು, ಹೊಟ್ಟೆ ಮಾತ್ರ ಇನ್ನೂ ಮೆತ್ತಗೆ. ಯಾವ ಊರ ಹೊಲದಲ್ಲಿ ಸಿಕ್ಕಿದ್ದೆಂದು ಕೇಳಿ ಬರೆದುಕೊಂಡರು. ಅತ್ತೆ ಬಾಗಿಲ ಬಳಿ ಅವರನ್ನು ತಡೆದು, "ಇದ್ರ ನೀರು ನಾನು ಕುಡಿದ್ಬುಟ್ಟಿದ್ದೆ ಕಣಪ್ಪ, ಅದಕ್ಕೇನಾದ್ರೂ ಪಾಪ ಐತಾ?" ಎಂದು ಕೇಳಿದರು.

ಗಾರ್ಡು ಮರಿಯ ಪೆಟ್ಟಿಗೆಯನ್ನು ಎತ್ತಿಕೊಂಡರು. "ಇನ್ಮೇಲೆ ಹೊಲದಾಗೆ ಕಂಡ್ರೆ ಅಲ್ಲೇ ಬುಟ್ಬುಡಿ ಅಜ್ಜಿ," ಅಂದರು.

ಅವರು ಹೋದ ಮೇಲೆ ಮೊಳಕೈವರೆಗೆ ಸೋಪು ಹಚ್ಚಿ ಮೂರು ಸಲ ತೊಳೆದೆ. ವಾಸನೆ ಉಗುರಿನ ಸಂದಿನಲ್ಲಿ ಇನ್ನೂ ಇದ್ದ ಹಾಗಿತ್ತು. ಎರಡು ವಾರದ ನಂತರ ಫೋನು ಮಾಡಿ ವಿಚಾರಿಸಿದೆ. ಬದುಕಿದೆ, ತಿನ್ನುತ್ತಿದೆ, ಚಿಪ್ಪು ಗಟ್ಟಿಯಾದ ಮೇಲೆ ಬಿಡುತ್ತೇವೆ ಎಂದರು. ಬಂದು ನೋಡುತ್ತೀರಾ ಎಂದೂ ಕೇಳಿದರು. ಬೇಡ ಅಂದೆ. ಅದು ಬದುಕಿದ್ದು ನನಗೆ ಬೇಕಿತ್ತು, ಅದರ ಮುಖ ಬೇಕಿರಲಿಲ್ಲ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಓನರಮ್ಮ ನನ್ನನ್ನೂ ಅತ್ತೆಯನ್ನೂ ಕೆಳಗೆ ಕರೆದರು. ಶೋಕೇಸಿನ ಮೇಲೆ ಒಂದು ಗಾಜಿನ ಬಟ್ಟಲು. ಅದರಲ್ಲಿ ಅಂಗಡಿಯಿಂದ ತಂದ ಹಸಿರು ಬಣ್ಣದ ನೀರಾಮೆ ಮರಿ, ಜೊತೆಗೆ ಪ್ಲಾಸ್ಟಿಕ್ಕಿನ ತೆಂಗಿನಮರ. "ಇದು ತಣ್ಣಿ ಆಮೆನೇ, ನೀರಿಂದೇ, ಅಂಗಡಿಯೋರು ಹೇಳಿದ್ರು. ಫಾರಿನ್‌ದು," ಎಂದು ಅವರು ಹೆಮ್ಮೆಯಿಂದ ತೋರಿಸಿದರು. ಬಟ್ಟಲಿನ ನೀರು ಟೀ ಬಣ್ಣಕ್ಕೆ ತಿರುಗಿತ್ತು. ಹೊಸ್ತಿಲಲ್ಲೇ ಅದರ ವಾಸನೆ ಮೂಗಿಗೆ ಬಡಿಯಿತು, ಒಳಗೆ ಹೋಗಲಾಗಲಿಲ್ಲ.

ಅತ್ತೆ ಮೂಗಿಗೆ ಸೆರಗು ಹಿಡಿದು ಹತ್ತಿರ ಹೋದರು, ಬಗ್ಗಿ ಅದರ ಕಾಲು ನೋಡಿದರು. ನೀರು ಬದಲಾಯಿಸಿ ಎಷ್ಟು ದಿನವಾಯಿತೆಂದು ತಮಿಳಿನಲ್ಲಿ ಕೇಳಿದರು. ಓನರಮ್ಮ ನಕ್ಕು ಮಾತು ತೇಲಿಸಿದರು. ಅತ್ತೆ ನಗಲಿಲ್ಲ. ಅಂಗಳಕ್ಕೆ ಹೋಗಿ, ನಲ್ಲಿಯ ಪಕ್ಕದಲ್ಲಿದ್ದ ಚಪ್ಪಟೆ ಕಲ್ಲೊಂದನ್ನು ಉಜ್ಜಿ ತೊಳೆದು ತಂದು, ಮರಿ ಹತ್ತಿ ಕೂರಲೆಂದು ಕಲ್ಲಿನ ನೆತ್ತಿ ನೀರಿನಿಂದ ಮೇಲೆ ನಿಲ್ಲುವಂತೆ ಬಟ್ಟಲಿನೊಳಗೆ ಇಟ್ಟರು.