ಎಂಟಾಣೆ ನೋವು

ಬೆಳಿಗ್ಗೆ ಮೈಸೂರಿನಲ್ಲಿ ನನ್ನ ಮಂಡಿಗೆ ಎರಡು ತೂತು ಕೊರೆದು, ಒಳಗೆ ಮೂಳೆಗಳ ನಡುವೆ ಹರಿದಿದ್ದ ಮೆತ್ತೆಯನ್ನು ಕತ್ತರಿಸಿ, ಸಂಜೆಗೆಲ್ಲ ನಂಜನಗೂಡಿನ ಮನೆಗೆ ಕಳಿಸಿಬಿಟ್ಟರು. ಇಸವಿ ಎರಡು ಸಾವಿರದ ಆಸುಪಾಸು. ಎಡಗಾಲು ಎಂದು ಬರೆಯಲು ಹೊರಟಿದ್ದೆ. ಈಗ ಪ್ಯಾಂಟು ಎತ್ತಿ ನೋಡಿದರೆ ಗುರುತು ಬಲಗಾಲಿನಲ್ಲಿದೆ.

ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಹೊತ್ತುಹೊತ್ತಿಗೆ ಸಾದಾ ಮಾತ್ರೆ, ಐಸು, ಕಾಲು ಮಡಚುವ ವ್ಯಾಯಾಮ. ನೋವು ಹತ್ತಕ್ಕೆ ಏಳು ದಾಟಿದರೆ ಮಾತ್ರ ಜೋರು ಮಾತ್ರೆ. ಅದು ಅಫೀಮಿನ ದಾಯಾದಿ, ಅಭ್ಯಾಸವಾಗಿಬಿಡುತ್ತೆ, ಬೇಗ ಬಿಡಿ ಎಂದೂ ಹೇಳಿದ್ದರು.

ನೋಡಿಕೊಳ್ಳಲು ಟಿ. ನರಸೀಪುರದಿಂದ ಚಿಕ್ಕಮ್ಮ ಬಂದಿದ್ದರು. ಮಂಚದ ಬಳಿ ಕೂತು, "ಎಷ್ಟಾಣೆ ಐತಪ್ಪ ನೋವು?" ಎಂದು ಕೇಳುತ್ತಿದ್ದರು. ಹದಿನಾರಾಣೆಗೆ ಅರ್ಧ, ತಡೆದುಕೊಳ್ಳಬಹುದು ಎಂಬರ್ಥದಲ್ಲಿ ನಾನು "ಎಂಟಾಣೆ" ಅನ್ನುತ್ತಿದ್ದೆ. ಅವರು ಅಡುಗೆಮನೆಗೆ ಕೇಳುವಂತೆ, "ಎಂಟಂತೆ ಕಣವ್ವ" ಎಂದು ಕೂಗುತ್ತಿದ್ದರು. ಚೀಟಿ ಹಿಡಿದು ನಿಂತ ನನ್ನ ಹೆಂಡತಿ ಹತ್ತಕ್ಕೆ ಎಂಟು ಎಂದು ಗಾಬರಿಬಿದ್ದು ಜೋರು ಮಾತ್ರೆ ತರುತ್ತಿದ್ದಳು.

ಮಂಚ ಕಪಿಲೆಯ ಮೇಲಿನ ಹರಿಗೋಲಾಗಿ ಮೆಲ್ಲಗೆ ಸುತ್ತತೊಡಗಿತು. ಚಿಕ್ಕಮ್ಮ ಸೊಪ್ಪು ಬಿಡಿಸುವುದನ್ನು ನೋಡಿ ಕಣ್ಣೀರು ಬರುವಷ್ಟು ನಕ್ಕೆ. ಉಪ್ಪಿಟ್ಟಿಗೆ ಧನ್ಯವಾದ ಹೇಳಿದೆ, ಉಪ್ಪಿಟ್ಟಿಗೇ, ಮಾಡಿದವಳಿಗಲ್ಲ. ಸೂರಿನ ಫ್ಯಾನು ನನ್ನ ಅಭಿಪ್ರಾಯಗಳನ್ನೆಲ್ಲ ಒಪ್ಪುತ್ತಿತ್ತು.

ಮೂರನೆಯ ದಿನ ಹೆಂಡತಿ ಅತ್ತೇಬಿಟ್ಟಳು. "ಇನ್ನೂ ಎಂಟೇ ಅಂದ್ರೆ ಒಳಗೆ ಕೀವಾಗಿರ್ಬೇಕು. ಆಸ್ಪತ್ರೆಗೆ ಹೋಗೋಣ್ರೀ."

"ಅರ್ಧ ನೋವಿಗೆ ಯಾಕವ್ವ ಅಳ್ತೀಯ?" ಎಂದರು ಚಿಕ್ಕಮ್ಮ.

"ಎಂಟು ಅರ್ಧನಾ?"

"ಇನ್ನೇನು. ರೂಪಾಯಿಗೆ ಹದಿನಾರಾಣೆ ಅಲ್ವಾ?"

ಇಬ್ಬರೂ ನನ್ನತ್ತ ತಿರುಗಿದರು. ಆ ಬೆಳಿಗ್ಗೆ ನೋವು ನಾಲ್ಕಾಣೆಯೂ ಇರಲಿಲ್ಲ. ಆದರೂ ಎಂಟು ಅಂದಿದ್ದೆ. ಎಡವಟ್ಟು ನನಗೆ ಯಾವಾಗ ಗೊತ್ತಾಯಿತು ಎಂಬುದನ್ನು ನೆನಪು ಮುಚ್ಚಿಡುತ್ತಿದೆ. ಬಹುಶಃ ಮೊದಲನೆಯ ದಿನವೇ.

ಹೆಂಡತಿ ಡಾಕ್ಟರಿಗೆ ಫೋನು ಮಾಡಿದಳು. ಜೋರು ಮಾತ್ರೆ ಇವತ್ತಿಗೇ ಸಾಕು, ಉಳಿದದ್ದು ವಾಪಸು ತನ್ನಿ ಎಂದರು.

"ಕೊನೇದು ಒಂದೇ ಒಂದು" ಅಂದೆ.

"ಬೀಡಿ ಬುಡುವಾಗ ನಿಮ್ಮ ಚಿಕ್ಕಪ್ಪನೂ ಇಂಗೇ ಅಂತಿದ್ರು. ಮಡಚಪ್ಪ ಕಾಲ."

ಮಡಚಿದೆ. ಮಂಡಿ ನಿಜವಾಗಿ ಕೂಗಿತು. ಐಸು ಇಟ್ಟರು, ಸಾದಾ ಮಾತ್ರೆ ಕೊಟ್ಟರು. ಸಂಜೆ ಗೋಡೆ ಹಿಡಿದು ಬಾಗಿಲವರೆಗೂ ನಡೆದೆ. ಎಷ್ಟು ನೋವು ಎಂದು ಯಾರಾದರೂ ಕೇಳಲಿ ಎಂದು ಹೊಸ್ತಿಲಲ್ಲಿ ನಿಂತು ಕಾದೆ. ಇಬ್ಬರೂ ಕೇಳಲಿಲ್ಲ.