ಅಕ್ಕನ ಐದು ಮೀನು

ವಿಜಯಪುರದ ಹತ್ತಿರದ ಇಂಡಿ ಊರಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ನೀರು ಬಿಡುವ ಕೆಲಸದಲ್ಲಿದ್ದೇನೆ. ಪಂಪು ಶುರು ಮಾಡುವುದು, ಮೇಲಿನ ಟಾಕಿ ತುಂಬಿಸುವುದು, ಬ್ಲೀಚಿಂಗ್ ಪೌಡರ್ ಕಲೆಸಿ ಹಾಕುವುದು, ಯಾವ ಓಣಿಯ ಪಾಳಿಯೋ ಆ ಓಣಿಯ ವಾಲ್ವ್ ತಿರುವುವುದು. ನೀರಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಒಂದು ಕಾಲಕ್ಕೆ ಇತ್ತು. ಅದು ಅಕ್ಕನ ಮೀನುಗಳ ಜೊತೆಗೇ ಹೋಯಿತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬಸವನ ಬಾಗೇವಾಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೂ ಅಂಗಡಿಯನ್ನು ಒಬ್ಬಳೇ ನಡೆಸಿದಳು. ಶಾಲೆ ಶುರುವಾಗುವ ಹೊತ್ತಿಗೆ ಸಮವಸ್ತ್ರದ ಅಳತೆ ಕೊಡಲು ಮಕ್ಕಳು ಬರುತ್ತಿದ್ದವು. ಒಂದೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಅಳತೆ ತೆಗೆಯುವ ಜಾಗದ ಎದುರಿಗೆ ಅಕ್ಕ ಒಂದು ಗಾಜಿನ ತೊಟ್ಟಿ ತಂದಿಟ್ಟು, ಅದರಲ್ಲಿ ಐದು ಗೋಲ್ಡ್ ಫಿಶ್ ಬಿಟ್ಟಳು. ಮಕ್ಕಳು ಮೀನು ನೋಡುತ್ತ ಬಾಯಿ ತೆರೆದು ನಿಂತುಬಿಡುತ್ತಿದ್ದವು. ಅಕ್ಕ ಅಷ್ಟರಲ್ಲಿ ತೋಳು, ಎದೆ, ಉದ್ದ ಎಲ್ಲವನ್ನೂ ಬರೆದುಕೊಂಡು ಮುಗಿಸುತ್ತಿದ್ದಳು.

ಮೊದಲ ಸಲ ತಂದ ಮೀನುಗಳು ಒಂದೇ ವಾರದಲ್ಲಿ ಸತ್ತವು. ಎರಡನೇ ಸಲದವೂ ಉಳಿಯಲಿಲ್ಲ. ಅಕ್ಕ ಹಟಮಾರಿ. ವಿಜಯಪುರದ ಮೀನಿನ ಅಂಗಡಿಯವನ ಹತ್ತಿರ ಹೋಗಿ ಕೂತು, ಯಾಕೆ ಸಾಯುತ್ತವೆ ಎಂದು ಒಂದೊಂದನ್ನೇ ಕೇಳಿ ತಿಳಿದುಕೊಂಡು ಬಂದಳು. ಆಮೇಲೆ ತಂದ ಐದು ಮೀನು ಆರು ವರ್ಷ ಬದುಕಿದವು. ನೀರನ್ನು ಎರಡು ದಿನ ಬಕೆಟ್ಟಿನಲ್ಲಿ ಬಿಟ್ಟೇ ತೊಟ್ಟಿಗೆ ಹಾಕುವಳು. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆಯುವಳೇ ಹೊರತು ಎಂದೂ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ಎರಡು ಬೆರಳಲ್ಲಿ ಹಿಡಿದಷ್ಟೇ ಕಾಳು ಹಾಕಿ, ಅವು ತಿಂದು ಮುಗಿಸುವವರೆಗೆ ಅಲ್ಲೇ ನಿಂತಿರುವಳು. ಆ ಐದರಲ್ಲಿ ಬೆನ್ನ ಮೇಲೆ ಬಿಳಿ ಪಟ್ಟೆಯಿದ್ದ ದೊಡ್ಡ ಮೀನೊಂದು ಅವಳು ನೀರಿನಲ್ಲಿ ಬೆರಳಿಟ್ಟರೆ ಸಾಕು, ಬಂದು ಬೆರಳ ತುದಿಯನ್ನು ಚೀಪುತ್ತಿತ್ತು. ತೊಟ್ಟಿಯಲ್ಲಿ ಒಂದು ಬಸವನಹುಳುವೂ ಇತ್ತು. ಗಾಜಿಗೆ ಹತ್ತಿದ ಪಾಚಿ ತಿನ್ನುತ್ತ ಅದು ದಿನಕ್ಕೊಂದು ಮೂಲೆ ಸುತ್ತುತ್ತಿತ್ತು.

ಅಕ್ಕನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆಲ್ಲ ಗೊತ್ತಿತ್ತು. ಅದು ಕಣ್ಣಿಗೆ ಇಳಿದಿದ್ದನ್ನು ಅವಳು ಮಾತ್ರ ಮುಚ್ಚಿಟ್ಟಿದ್ದಳು. ಸೂಜಿಗೆ ದಾರ ಪೋಣಿಸಲು ಗಿರಾಕಿಗಳಿಗೇ ಹೇಳುತ್ತಾಳೆ ಎಂದು ಯಾರೋ ನನ್ನ ಕಿವಿಗೆ ಹಾಕಿದ ಮೇಲೆ ನಾನು ಬಾಗೇವಾಡಿಗೆ ಹೋದೆ. ಅಂಗಡಿ ಮುಚ್ಚಿಸಿ ಅವಳನ್ನು ನಮ್ಮ ಮನೆಗೆ ಕರೆತಂದೆ. ಹೊಲಿಗೆ ಯಂತ್ರವನ್ನು ಅಲ್ಲೇ ಒಬ್ಬರಿಗೆ ಕೊಟ್ಟಳು. ಮೀನು ಕೊಡಲು ಒಪ್ಪಲಿಲ್ಲ.

ಟೆಂಪೋ ಬಾಗಿಲಲ್ಲಿ ನಿಂತಿತ್ತು. ಅಕ್ಕ ತೊಟ್ಟಿಯ ನೀರನ್ನು ಎರಡು ಕೊಡಕ್ಕೆ ತುಂಬಿಸುತ್ತಿದ್ದಳು.

"ಅಕ್ಕಾ, ಇಡೀ ಇಂಡಿ ಊರಿಗಿ ನೀರು ಬಿಡಾಂವ ನಾ. ನೀ ಬಾಗೇವಾಡಿಯಿಂದ ಕೊಡದಾಗ ನೀರು ಹೊತ್ಕೊಂಡು ಹೊಂಟಿದಿ!" ಎಂದು ನಾನು ನಕ್ಕೆ.

"ನಿನ್ನ ನೀರು ಮಂದಿಗಿ, ತಮ್ಮಾ. ಇದು ಅವುಗಳ ನೀರು," ಎಂದಳು.

ಟೆಂಪೋದವನೂ ನಕ್ಕ. ದಾರಿಯುದ್ದಕ್ಕೂ ಅಕ್ಕ ಆ ಕೊಡಗಳ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

ನಮ್ಮ ಮನೆಗೆ ಬಂದ ನಾಲ್ಕನೇ ತಿಂಗಳಿಗೆ ಅವಳ ಎರಡೂ ಕಣ್ಣಿನೊಳಗೆ ರಕ್ತನಾಳ ಒಡೆಯಿತು. ಇಂಡಿಯಿಂದ ಸೊಲ್ಲಾಪುರ ಹತ್ತಿರ. ಅಲ್ಲಿಯ ಕಣ್ಣಿನ ಆಸ್ಪತ್ರೆಗೆ ಸೇರಿಸಿದೆವು. ಹೆಣ್ಣುಮಕ್ಕಳ ವಾರ್ಡಿನಲ್ಲಿ ಗಂಡಸರು ಉಳಿಯುವಂತಿರಲಿಲ್ಲವಾದ್ದರಿಂದ ನನ್ನ ಹೆಂಡತಿ ಜೊತೆಗಿದ್ದಳು. ನಾನು ಕೆಲಸಕ್ಕೆ ಮರಳಿದೆ. ಎಂಟನೇ ದಿನ ಹೆಂಡತಿ ಫೋನ್ ಮಾಡಿ, "ನಾಡದ ಬಿಡ್ತಾರಂತ್ರಿ. ಒಂದು ಕಣ್ಣು ಹೋಗೇ ಬಿಟ್ಟೈತಿ. ಇನ್ನೊಂದರಾಗ ಬರೇ ಬೆಳಕು ಕಾಣ್ತೈತಿ ಅಂತಾರ. ನೋಡಿದ್ರ ಯಾರ ಅಂತ ಗುರುತ ಹತ್ತಂಗಿಲ್ಲಂತ," ಎಂದಳು. ಆಮೇಲೆ ಅತ್ತಳು.

ಅಕ್ಕ ಮನೆಗೆ ಬರುವಾಗ ಏನಾದರೂ ಒಳ್ಳೆಯದು ಮಾಡಿಡಬೇಕು ಅನ್ನಿಸಿತು. ತೊಟ್ಟಿಯ ಗಾಜು ಹಸಿರುಗಟ್ಟಿತ್ತು, ತಳದಲ್ಲಿ ಹೊಲಸು ಕೂತಿತ್ತು. ಕಣ್ಣಿಗೆ ಬರೀ ಬೆಳಕು ಕಾಣುವವಳಿಗೆ ಗಾಜಾದರೂ ಫಳಫಳ ಹೊಳೆಯಲಿ ಎಂದುಕೊಂಡೆ. ಹೀಗೆ ಯೋಚನೆ ಮಾಡಿದ್ದು ಚೆನ್ನಾಗಿ ನೆನಪಿದೆ. ನನ್ನ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ.

ಮೀನುಗಳನ್ನು ಹಳೆ ನೀರಿನ ಬಕೆಟ್ಟಿಗೆ ಬಿಟ್ಟೆ. ತೊಟ್ಟಿ ಪೂರ್ತಿ ಖಾಲಿ ಮಾಡಿ ಬಟ್ಟೆ ಒಗೆಯುವ ಪುಡಿ ಹಾಕಿ ತಿಕ್ಕಿದೆ. ತಳದ ಹರಳುಕಲ್ಲುಗಳನ್ನು ತೊಳೆದೆ. ನೀರಿಗೆ ಗಾಳಿ ಊದುವ ಮೋಟಾರಿಗೆ ಜೋಡಿಸಿದ ಸ್ಪಂಜನ್ನು ಬಿಳಿ ಬಣ್ಣ ಬರುವವರೆಗೆ ಹಿಂಡಿ ಹಿಂಡಿ ತೊಳೆದೆ. ಅವತ್ತು ನಮ್ಮ ಓಣಿಯ ಪಾಳಿ. ನಲ್ಲಿಗೆ ಪೈಪು ಹಚ್ಚಿ ನೇರ ತೊಟ್ಟಿಗೆ ನೀರು ಬಿಟ್ಟೆ. ಬೆಳಿಗ್ಗೆ ಅದೇ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು ನನ್ನದೇ ಕೈ. ಮಳೆ ಬಿದ್ದು ನೀರು ರಾಡಿಯಾಗಿತ್ತೆಂದು ಸ್ವಲ್ಪ ಹೆಚ್ಚೇ ಹಾಕಿದ್ದೆ.

ಮೀನುಗಳನ್ನು ಬಿಟ್ಟ ಹತ್ತು ನಿಮಿಷಕ್ಕೆ ಅವು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಹಸಿವೆಯೆಂದುಕೊಂಡು ಕಾಳು ಹಾಕಿದೆ. ಯಾವುದೂ ತಿನ್ನಲಿಲ್ಲ. ಒಂದು ಗಾಜಿಗೆ ಡಿಕ್ಕಿ ಹೊಡೆದು ಅಡ್ಡ ಮಲಗಿತು. ಆಗ ಬಕೆಟ್ಟಿನ ಕಡೆ ಓಡಿದೆ. ಬಕೆಟ್ಟಿನ ಹಳೆ ನೀರನ್ನು ಆಗಲೇ ಗಿಡಗಳಿಗೆ ಚೆಲ್ಲಿದ್ದೆ. ತಳದಲ್ಲಿ ಎರಡು ತಂಬಿಗೆಯಷ್ಟು ಉಳಿದಿತ್ತು. ಬೇರೆ ನೀರು ಎಲ್ಲಿಂದ ತರಲಿ? ನಮ್ಮ ಮನೆಯ ಹಂಡೆ, ಕೊಡ, ನೆಲದ ಟಾಕಿ ಎಲ್ಲದರಲ್ಲೂ ಅವತ್ತಿನ ನೀರೇ. ಇಡೀ ಓಣಿಯಲ್ಲಿ ನಾನು ಬಿಟ್ಟ ನೀರೇ.

ದೊಡ್ಡ ಮೀನು ಎಲ್ಲಕ್ಕಿಂತ ಕೊನೆಗೆ ಸತ್ತಿತು. ಅದನ್ನು ಕೈಯಲ್ಲಿ ಹಿಡಿದು ಬಕೆಟ್ಟಿನ ತಳದ ನೀರಿನಲ್ಲಿ ಮುಳುಗಿಸಿಕೊಂಡು ಕೂತಿದ್ದೆ. ಬಾಯಿ ಎರಡು ಸಲ ತೆರೆಯಿತು, ಮೂರನೇ ಸಲ ತೆರೆಯಲಿಲ್ಲ. ಬಕೆಟ್ಟಿನ ಗೋಡೆಗೆ ಅಂಟಿಕೊಂಡಿದ್ದ ಬಸವನಹುಳುವನ್ನು ನಾನು ಮರೆತೇ ಬಿಟ್ಟಿದ್ದೆ. ಅದೊಂದೇ ಉಳಿಯಿತು.

ಐದನ್ನೂ ಹಿತ್ತಲಲ್ಲಿ ನಿಂಬೆ ಗಿಡದ ಬುಡಕ್ಕೆ ಹೂತು, ಸಿಕ್ಕ ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ. ಮೀನಿನ ಅಂಗಡಿಯವನಿಗೆ ಆದದ್ದನ್ನು ಹೇಳಿದೆ. ಅವನು ಬೈಯಲಿಲ್ಲ.

"ಸ್ಪಂಜಿನಾಗಿನ ಹೊಲಸು ಅಂತೀರಲ್ರಿ, ಅದರಾಗ ಕಣ್ಣಿಗಿ ಕಾಣದ ಜೀವ ಇರ್ತಾವ. ಅವ ನೀರು ಹಸನ ಇಡಾವು. ನೀವು ಅವನ್ನೂ ತೊಳದ ಬಿಟ್ರಿ," ಎಂದ. "ಮೊದಲ ತೊಟ್ಟಿ ಛಲೋತ್ನಾಗ ತೊಳದು, ಬ್ಲೀಚಿಂಗ್ ಸಾಯೋ ಔಷಧ ಕೊಡ್ತೇನಿ, ಹಾಕಿ ನೀರು ತುಂಬ್ರಿ. ಮೋಟಾರ್ ಹಚ್ಚಿ ಬಿಡ್ರಿ. ಮೀನು ಈಗ ಒಯ್ಬ್ಯಾಡ್ರಿ, ಆ ಜೀವ ಮತ್ತ ಬೆಳೆಯೂ ತನಕ ಮೀನಿಗಿ ರೋಗ ಹತ್ತತೈತಿ, ಮೂರ್ನಾಕ ವಾರ ತಡೀರಿ."

"ಇವತ್ತ ಬೇಕ್ರಿ. ನಾಡದ ನಮ್ಮ ಅಕ್ಕ ಬರ್ತಾಳ."

ಅವನು ಬೇಡ ಬೇಡವೆಂದರೂ ಕೇಳದೆ ಅಷ್ಟೇ ದೊಡ್ಡವು, ಅದೇ ಬಣ್ಣದವು ಐದು ಆರಿಸಿಕೊಂಡೆ. ಬೆನ್ನ ಮೇಲೆ ಬಿಳಿ ಪಟ್ಟೆಯಿದ್ದದ್ದೂ ಒಂದು ಸಿಕ್ಕಿತು. ಮನೆಗೆ ಬಂದು ತೊಟ್ಟಿ ಮತ್ತೆ ತೊಳೆದು, ಔಷಧ ಹಾಕಿದ ನೀರು ತುಂಬಿ, ಬಸವನಹುಳುವಿನ ಜೊತೆಗೆ ಅವನ್ನು ಬಿಟ್ಟೆ. ಗುರುತು ಹಿಡಿಯಲಾರಳು ಎಂದು ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಕ್ಕ ಬಂದಳು. ನನ್ನ ಹೆಂಡತಿ ಕೈ ಹಿಡಿದು ಒಳಗೆ ಕರೆತಂದಳು. ಅಕ್ಕ ಕೂರಲಿಲ್ಲ, ಗಾಳಿ ಮೋಟಾರಿನ ಸದ್ದು ಹಿಡಿದು ನೇರ ತೊಟ್ಟಿಯ ಹತ್ತಿರ ಹೋದಳು.

"ಎಲ್ಲಾ ಅದಾವ?"

"ಐದೂ ಅದಾವ ಅಕ್ಕಾ."

ನೀರಿನಲ್ಲಿ ಬೆರಳಿಟ್ಟಳು. ಮೀನುಗಳು ಹೆದರಿ ಮೂಲೆಗೆ ಸರಿದವು. ಅವಳು ಕಾದಳು. ಸುಮಾರು ಹೊತ್ತು ಕಾದಳು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, "ನನ್ನ ಮರತಾವ ಅನಸ್ತೈತಿ," ಎಂದು ಹೋಗಿ ಮಲಗಿದಳು.

ಇವು ಬೇರೆ ಮೀನು ಎಂದು ಹೆಂಡತಿಗೆ ನೋಡಿದ ಕೂಡಲೇ ತಿಳಿದುಹೋಗಿತ್ತು. ಅಡುಗೆಮನೆಯಲ್ಲಿ ಮೆಲ್ಲಗೆ, "ಏನ್ ಮಾಡೀರಿ?" ಎಂದಳು. ಹೇಳಿದೆ. ಅಕ್ಕನಿಗೆ ತಿಳಿಸಬೇಡ ಎಂದು ಕೈ ಮುಗಿದೆ.

"ನಾ ಸುಳ್ಳು ಹೇಳಾಂಗಿಲ್ರಿ. ಅಕ್ಕಾರು ಕೇಳಿದ್ರ ಹೇಳ್ತೇನಿ. ಕೇಳಲಿಲ್ಲಂದ್ರ ಸುಮ್ಮನ ಇರ್ತೇನಿ."

ಅಕ್ಕ ಕೇಳಲಿಲ್ಲ.

ಅಂಗಡಿಯವನು ಹೇಳಿದಂತೆಯೇ ಆಯಿತು. ಎರಡನೇ ವಾರಕ್ಕೆ ಹೊಸ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದವು. ಹರಳಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ನಾನು ಬಾಯಿಬಿಡುವ ಮೊದಲೇ ಅಕ್ಕ ಒಂದು ಮುಂಜಾನೆ ತೊಟ್ಟಿಯ ಮೇಲೆ ಬಗ್ಗಿ ಮೂಸಿದಳು.

"ನೀರು ಕೆಟ್ಟೈತಿ. ಮೈಮ್ಯಾಲೆ ಚುಕ್ಕಿ ಅದಾವೇನ್ ನೋಡು."

"ಅದಾವ."

"ಮೊದಲ ಬಸವನಹುಳು ತಗದು ಬ್ಯಾರೆ ಬೋಗುಣ್ಯಾಗ ಹಾಕು. ಅದಕ್ಕ ಉಪ್ಪು ತಡಿಯಂಗಿಲ್ಲ. ಆಮ್ಯಾಲೆ ನಾ ಹೇಳಿದಷ್ಟ ಕಲ್ಲುಪ್ಪು ನೀರಾಗ ಕರಗಿಸಿ, ಸಾವಕಾಶ ಹಾಕು. ಕಾಳು ಕಮ್ಮಿ ಮಾಡು. ದಿನಾ ಒಂದೀಟ ನೀರು ತಗದು, ತಂಗಿಸಿದ ನೀರು ಹಾಕು."

ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳುವುದು, ನಾನು ಮಾಡುವುದು. ಹೀಗೆ ಮೂರು ವಾರ. ಮೂರು ಮೀನು ಸತ್ತವು, ಎರಡು ಉಳಿದವು. ಸತ್ತ ಮೂರರಲ್ಲಿ ಒಂದರ ಸುದ್ದಿಯನ್ನೂ ನಾನು ಅವಳಿಗೆ ಹೇಳಲಿಲ್ಲ. "ಹೆಂಗದಾವ?" ಎಂದರೆ "ಅದಾವ" ಎನ್ನುತ್ತಿದ್ದೆ.

ಬೇಸಿಗೆ ಬಂತು. ಒಂದು ರವಿವಾರ ಮಧ್ಯಾಹ್ನ ನಾನು ತಂಬಿಗೆಯಿಂದ ತೊಟ್ಟಿಯ ನೀರು ತೆಗೆಯುತ್ತಿದ್ದೆ. ಅಕ್ಕ ಎಂದಿನಂತೆ ಕುರ್ಚಿಯಲ್ಲಿದ್ದಳು. ಕರೆಂಟು ಹೋಗಿ ಮೋಟಾರು ನಿಂತಿತ್ತು.

"ಹಳೇವನ್ನ ಎಲ್ಲಿ ಹುಗದಿ?" ಎಂದಳು.

ತಂಬಿಗೆ ಕೈಯಲ್ಲೇ ಉಳಿಯಿತು.

"ಹಿತ್ತಲದಾಗ. ಲಿಂಬಿ ಗಿಡದ ಬುಡಕ."

"ಐದೂ?"

"ಐದೂ."

"ದೊಡ್ಡದು ಭಾಳ ತ್ರಾಸ ಪಟ್ತೇನು?"

ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಮುಖವನ್ನು ನನ್ನ ಕಡೆ ತಿರುಗಿಸಿ ಕಾಯುತ್ತಿದ್ದಳು, ಅವತ್ತು ನೀರಿನಲ್ಲಿ ಬೆರಳಿಟ್ಟು ಕಾದ ಹಾಗೆಯೇ. "ಹ್ಞೂಂ ಅಕ್ಕಾ, ತ್ರಾಸ ಪಟ್ತು. ಎಲ್ಲಾಕ್ಕಿಂತ ಕಡೀಕ ಹೋತು. ನನ್ನ ಕೈಯಾಗ ಹೋತು," ಎಂದೆ. ತೊಳೆದದ್ದು, ನೀರು ಬಿಟ್ಟದ್ದು, ವಿಜಯಪುರಕ್ಕೆ ಹೋಗಿ ಬಂದದ್ದು ಎಲ್ಲವನ್ನೂ ಹೇಳಿದೆ. ಈಗ ಎರಡೇ ಇವೆ ಎಂಬುದನ್ನೂ ಹೇಳಿದೆ.

ಅವಳು ಅತ್ತಳು. ಆ ಕಣ್ಣುಗಳಿಂದಲೂ ನೀರು ಬರುತ್ತದೆ ಎಂಬುದನ್ನು ನಾನು ಅವತ್ತೇ ಕಂಡದ್ದು.

"ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದೆ.

"ಬಂದ ದಿನಾನ. ನೀರಾಗ ಬೊಟ್ಟ ಇಟ್ಟಾಗ."

"ಮತ್ತ್ಯಾಕ ಇಷ್ಟ ದಿನ ಕೇಳಲಿಲ್ಲ?"

"ನೀನ ಹೇಳ್ತಿ ಅಂತ ದಾರಿ ನೋಡಿದ್ನಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಮೀನು ಸತ್ತದ್ದಕ್ಕ ಸಿಟ್ಟಿಲ್ಲ ತಮ್ಮಾ. ಮೊದಮೊದಲ ನಾನೂ ಕೊಂದೇನಿ. ಆದರ ಈಗ ನನಗ ಕಣ್ಣಿಲ್ಲ. ನೀ ಐತಿ ಅಂದದ್ದ ಐತಿ, ಇಲ್ಲ ಅಂದದ್ದ ಇಲ್ಲ. ನೀನ ಸುಳ್ಳು ಹೇಳಿದ್ರ ನಾ ಯಾರನ್ನ ಕೇಳ್ಲಿ?"

ನಾನು ಅವಳ ಕಾಲ ಬಳಿ ಕೂತುಬಿಟ್ಟೆ. ಅವಳು ನನ್ನ ತಲೆ ಸವರಲಿಲ್ಲ, ಬೈಯಲೂ ಇಲ್ಲ. ಕರೆಂಟು ಬಂದು ಮೋಟಾರು ಗುಳುಗುಳು ಎಂದಾಗ, "ತಂಗಿಸಿದ ನೀರು ಹಾಕು. ಬಿಸಲಿಗಿ ನೀರು ಕಾಯ್ತೈತಿ," ಎಂದಳು.

ಅಂದಿನಿಂದ ಕೆಲಸದಿಂದ ಬಂದವನು ಮೊದಲು ತೊಟ್ಟಿ ನೋಡಿ ಅವಳಿಗೆ ವರದಿ ಕೊಡುತ್ತಿದ್ದೆ. ಒಂದು ಮೀನಿನ ಬಾಲದ ಅಂಚು ಹರಿದಿದೆ. ಇನ್ನೊಂದು ಇವತ್ತು ಕಾಳು ಉಗುಳಿತು. ಬಸವನಹುಳು ಮೋಟಾರಿನ ಕೊಳವೆಯ ಮೇಲೆ ಹತ್ತಿದೆ. ಇದ್ದದ್ದು ಇದ್ದ ಹಾಗೆ.

ಮುಂದಿನ ವರ್ಷ ಅವಳ ಕಾಲು, ಮುಖ ಬಾತವು. ವಿಜಯಪುರದಲ್ಲಿ ತೋರಿಸಿದೆವು. ಡಾಕ್ಟರು ನನ್ನೊಬ್ಬನನ್ನು ಕರೆದು ಮಾತಾಡಿದರು. ಮರಳುವಾಗ ಬಸ್ಸಿನಲ್ಲಿ ಅಕ್ಕ ನನ್ನ ಮತ್ತು ಹೆಂಡತಿಯ ನಡುವೆ ಕೂತಿದ್ದಳು.

"ನಿನ್ನ ಒಳಗ ಕರದು ಏನ್ ಹೇಳಿದ್ರು?"

ಹೆಂಡತಿ ಕಿಟಕಿಯ ಕಡೆ ಮುಖ ಮಾಡಿದಳು. ಬೇರೆ ಯಾರೇ ಕೇಳಿದ್ದರೂ, ಗುಳಿಗೆ ಕೊಟ್ಟಾರ, ಆರಾಮ ಆಗ್ತೈತಿ ಎನ್ನುತ್ತಿದ್ದೆ.

"ಎರಡೂ ಕಿಡ್ನಿ ಕೆಟ್ಟಾವಂತ ಅಕ್ಕಾ. ರಕ್ತ ಹಸನ ಮಾಡೋ ಮಷಿನ್ ಹಚ್ಚತಾರಂತ. ಹಚ್ಚಿದ್ರೂ ಹಾರ್ಟ್ ತಡೀತೈತೋ ಇಲ್ಲೋ ಅಂದ್ರು."

"ಎಷ್ಟ ದಿನ ಅಂದ್ರು?"

"ಹೇಳಾಕ ಬರಂಗಿಲ್ಲ ಅಂದ್ರು. ವರ್ಷ ಅಂತೂ ಅನ್ನಲಿಲ್ಲ."

ಬಸ್ಸು ಒಂದೆರಡು ಊರು ದಾಟಿತು. ಆಮೇಲೆ ತಡಕಾಡಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಹೇಳಿದಿ, ಛಲೋ ಆತು," ಎಂದಳು. ನನ್ನ ಹೆಂಡತಿಗೆ, "ಸ್ವಲ್ಪ ಈ ಕಡೆ ಸರಿಯವ್ವಾ, ನಾ ಗಾಳಿಗಿ ಕೂಡತೇನಿ," ಎಂದು ಹೇಳಿ ಕಿಟಕಿಯ ಪಕ್ಕಕ್ಕೆ ಹೋದಳು.

ವಾರಕ್ಕೆರಡು ಸಲ ಮಷಿನ್ನಿಗೆ ಹೋಗಿ ಬರುವುದು ಏಳು ತಿಂಗಳು ನಡೆಯಿತು. ಆ ಎರಡು ಮೀನು ಇನ್ನೂ ಇವೆ. ಅಕ್ಕ ಇಲ್ಲ.

ಅವಳು ತೀರಿಕೊಂಡದ್ದು ಬೆಳಿಗ್ಗೆ ಹತ್ತರ ಸುಮಾರಿಗೆ, ನನ್ನ ಹೆಂಡತಿ ತಲೆ ಬಾಚುತ್ತಿದ್ದಾಗ. ನಾನು ಪಂಪ್‌ಹೌಸಿನಲ್ಲಿದ್ದೆ. ಫೋನು ಬಂದಾಗ ಒಂದು ಓಣಿಗೆ ನೀರು ಬಿಟ್ಟು ಇನ್ನೊಂದರ ವಾಲ್ವ್ ತಿರುವಲು ಹೊರಟಿದ್ದೆ. ಪಂಪು ನಿಲ್ಲಿಸಿದೆ, ಬಾಗಿಲಿಗೆ ಕೀಲಿ ಹಾಕಿದೆ, ಮನೆಗೆ ಬಂದೆ. ಅವತ್ತು ಆ ಓಣಿಗೆ ನೀರು ಹೋಗಲಿಲ್ಲ. ಯಾಕೆ ಎಂದು ಯಾರೂ ಬಂದು ಕೇಳಲಿಲ್ಲ.