ಅವ್ವ ಒಳಗೆ, ಕೀಲಿಯೂ ಒಳಗೆ

ಕಾರಿನ ವೈರಿಗೆ ಕೈ ಹಾಕುವ ಮುಂಚೆ ಬ್ಯಾಟರಿ ಬಿಚ್ಚಬೇಕೋ ಬೇಡವೋ ಎಂದು ಕೇಳಿದರೆ, ಬಿಚ್ಚಲೇಬೇಕು ಎಂದು ಇವತ್ತಿಗೂ ಹೇಳುತ್ತೇನೆ. ತಾಂಡ್ಯದ ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಮಾಡಿಕೊಂಡಿದ್ದವನು ನಾನು. ಮೇನ್ ಆಫ್ ಮಾಡದೆ ಮುಟ್ಟಿದವರ ಗತಿ ಕಂಡಿದ್ದೇನೆ. ಈಗ ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ, ಅಷ್ಟೆ: ಕೀಲಿ ಜೇಬಿನಲ್ಲಿರಲಿ.

ಹೋದ ಬೇಸಿಗೆಯ ಮಾತು. ಕತ್ತು ತಿರುಗಿಸುವುದು ಕಷ್ಟವಾಗಿ, ಕಾರಿಗೆ ಹಿಂಬದಿ ತೋರಿಸುವ ಕ್ಯಾಮೆರಾ ಹಾಕಿಸಬೇಕೆಂದಿದ್ದೆ. ಅವ್ವನ ಕಣ್ಣು ತೋರಿಸಲು ನಂಜನಗೂಡಿಗೆ ಬಂದಿದ್ದೆವು. ಅದು ಮುಗಿದ ಮೇಲೆ, ನರಸೀಪುರದ ಮನೆಗೆ ಹೊರಡುವ ಮುಂಚೆ ಕಾರಿನ ಸಾಮಾನು ಹಾಕಿಕೊಡುವ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಅವ್ವ ಹಿಂದಿನ ಸೀಟಿನಿಂದ ಇಳಿಯಲಿಲ್ಲ. ಮಂಡಿನೋವಿನಲ್ಲಿ ಇಳಿದು ಹತ್ತುವುದು ಅವಳಿಗೆ ದೊಡ್ಡ ಪ್ರಯಾಸ. ಮುಂದಿನ ಬಾಗಿಲು ತೆಗೆದುಕೊಂಡೇ ಕೆಲಸ ನಡೆಯುತ್ತದಲ್ಲ, ಗಾಳಿ ಬರುತ್ತದೆ ಎಂದು ನಾನೂ ಬಲವಂತ ಮಾಡಲಿಲ್ಲ.

ಅಂಗಡಿಯವನು ಸ್ಟಿಯರಿಂಗ್ ಪಕ್ಕದ ಪ್ಲಾಸ್ಟಿಕ್ಕಿಗೆ ಕೈ ಹಾಕಿದ.

"ಮೊದ್ಲು ಬ್ಯಾಟ್ರಿ ಬಿಚ್ಚಪ್ಪ," ಎಂದೆ.

"ಬ್ಯಾಡ ಬುಡಿ ಸಾ. ಕೀ ಆಫ್ ಮಾಡಿದ್ರೆ ಸಾಕು. ಬ್ಯಾಟ್ರಿ ಬಿಚ್ಚಿದ್ರೆ ಟೈಮು, ರೇಡಿಯೊ ಎಲ್ಲ ಮರ್ತೋಯ್ತದೆ."

"ಮರ್ತ್ರೆ ಮರೀಲಿ. ಮೈನಸ್ ಬಿಚ್ಚಿ ಪಕ್ಕುಕ್ಕೆ ಕಟ್ಟು, ಆಮ್ಯಾಕೆ ಮುಟ್ಟು."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನು ಗೊಣಗಿಕೊಂಡೇ ಬಾನೆಟ್ ಎತ್ತಿ, ಮೈನಸ್ ಕಡೆಯ ತಂತಿ ಸಡಿಲಿಸಿದ. ಕೆಲಸದ ನಡುವೆ ಸಿಪ್ಪೆ ಸುಲಿದ ವೈರೊಂದು ಕೈ ಜಾರಿ ಕಾರಿನ ಕಬ್ಬಿಣಕ್ಕೆ ಉಜ್ಜಿತು. ಕಿಡಿಯಿಲ್ಲ, ಹೊಗೆಯಿಲ್ಲ. ಅವನು ನನ್ನ ಮುಖ ನೋಡಲಿಲ್ಲ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

ಎಲ್ಲ ಮುಗಿಸಿ, ಬಾಗಿಲು ಹಾಕಿ, ಹೋಗಿ ಬ್ಯಾಟರಿಗೆ ತಂತಿ ಸಿಕ್ಕಿಸಿದ. ನಾಲ್ಕೂ ಬಾಗಿಲು ಒಟ್ಟಿಗೆ ಟಕ್ ಎಂದವು.

ಹಿಡಿಕೆ ಎಳೆದೆ, ಬರಲಿಲ್ಲ. ಬ್ಯಾಟರಿ ಮತ್ತೆ ಜೀವ ಪಡೆದದ್ದೇ ಕಾರು ತಾನಾಗಿ ಲಾಕ್ ಆಗಿತ್ತು. ಕೀಲಿ ಸ್ಟಿಯರಿಂಗಿನ ಬುಡದಲ್ಲಿ ತೂಗುತ್ತಿತ್ತು. ಎಸಿ ಹಾಕಿಕೊಂಡು ಬಂದಿದ್ದರಿಂದ ಗಾಜುಗಳೆಲ್ಲ ಮುಚ್ಚಿದ್ದವು. ಹಿಂದಿನ ಬಾಗಿಲುಗಳು ಒಳಗಿನಿಂದ ತೆರೆಯದಂತೆ ಮೊಮ್ಮಕ್ಕಳಿಗಾಗಿ ನಾನೇ ಮಾಡಿಟ್ಟಿದ್ದೆ; ಲಾಕ್ ಆಗಿದ್ದರೂ ಒಳಹಿಡಿಕೆ ಎಳೆದರೆ ತೆರೆಯುವುದು ಮುಂದಿನವು ಮಾತ್ರ. ಇನ್ನೊಂದು ಕೀಲಿ ನರಸೀಪುರದ ಬೀರುವಿನಲ್ಲಿ. ನಡುಮಧ್ಯಾಹ್ನದ ಬಿಸಿಲು ಕಾರಿನ ನೆತ್ತಿಗೆ ಹೊಡೆಯುತ್ತಿತ್ತು, ಒಳಗೆ ನನ್ನ ಅವ್ವ.

ಗಾಜು ಬಡಿದು, "ಅವ್ವಾ, ಮುಂದ್ಕೆ ಬಗ್ಗು, ಮುಂದಿನ ಬಾಗ್ಲು ತಗಿ" ಎಂದು ಕಿರುಚಿದೆ. ಮೊದಲೇ ಅವಳ ಕಿವಿ ಮಂದ. ಕೇಳಿದ್ದು ಎಲೆಯಡಿಕೆ ಎಂದುಕೊಂಡು ಚೀಲ ಎತ್ತಿ ತೋರಿಸಿದಳು. ನಾನು ಅಂಗಡಿಯವನನ್ನು ಬೈದೆ, ಕಾರು ಮಾಡಿದವರನ್ನು ಬೈದೆ. ಅವಳ ಹಣೆಯಲ್ಲಿ ಬೆವರು ಇಳಿಯತೊಡಗಿತು.

ಅಂಗಡಿಯವನು ಸುತ್ತಿಗೆ ತಂದ. "ಮುಂದಿನ್ ಗಾಜು ಒಡ್ದಾಕ್ಬುಡ್ಮಾ ಸಾ."

"ಒಡಿ," ಎಂದೆ.

ಸುತ್ತಿಗೆ ಕಂಡದ್ದೇ ಅವ್ವನಿಗೆ ವಿಷಯ ತಿಳಿಯಿತು. ತಡಿ ಎಂದು ಕೈ ತೋರಿಸಿದಳು. ಕಾಲ ಬಳಿಯಿದ್ದ ಊರುಗೋಲನ್ನು ತಿರುವಿ ಹಿಡಿದು, ಎರಡು ಸೀಟುಗಳ ನಡುವೆ ತೂರಿಸಿ, ಅದರ ಡೊಂಕು ಹಿಡಿಯನ್ನು ಮುಂದಿನ ಬಾಗಿಲಿನ ಒಳಹಿಡಿಕೆಗೆ ಸಿಕ್ಕಿಸಲು ನೋಡಿದಳು. ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಆಮೇಲೆ ಕೊಕ್ಕೆ ಹಾಕಿ ಹುಣಸೆಕಾಯಿ ಕೀಳುವಂತೆ ಒಂದೇ ಸಲ ಜಗ್ಗಿದಳು. ಬಾಗಿಲು ತೆರೆಯಿತು.

ಹೋದ ಜೀವ ಬಂದಂತಾಯಿತು. ಕೀಲಿ ಕಿತ್ತುಕೊಂಡು, ಹಿಂದಿನ ಬಾಗಿಲು ತೆಗೆದು, ಅವಳ ಕೈ ಹಿಡಿದು ಬೀದಿಯಲ್ಲೇ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ. ಅಂಗಡಿಯವನು ನೀರು ತಂದುಕೊಟ್ಟ. ಅವ್ವ ನಿಧಾನಕ್ಕೆ ಕುಡಿದು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಎದ್ರಿಕೆ ಆಗ್ನಿಲ್ವೇನವ್ವ?" ಎಂದು ಕಿವಿಯ ಹತ್ತಿರ ಬಾಗಿ ಕೇಳಿದೆ.

"ಸೆಕೆ ಆಯ್ತು ಕಣ್ಲಾ. ಎದ್ರಿಕೆ ಯಾಕಾದದು? ಗಾಜು ಮುಚ್ಕಂಡಿದ್ದೇ ಒಳ್ಳೇದಾಯ್ತು. ನೀ ಬಾಯ್ ಬಡ್ಕತಿದ್ದದ್ದು ಒಂದೂ ಕೇಳುಸ್ನಿಲ್ಲ. ಕೇಳುಸಿದ್ರೆ ಎದ್ರುಕತಿದ್ದೆ."